ಇದೊಂದು ಆಗಲಿ, ಮುಂದಿನದು ಆಮೇಲೆ ಕಾಣುತ್ತೆ!

ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಈ ಸಂಚಿಕೆ ಕೊಂಡಿದ್ದೀರಾ? ಹಾಗಾದರೆ ಕಿಟಕಿ ಪಕ್ಕದ ಸೀಟು ಹಿಡೀರಿ. ಕುಮಟಾ ಮುಟ್ಟೋಕೆ ಸುಮಾರು 60 ಕಿಲೋಮೀಟರು ಇದೆ, ಓದೋಕೆ ಸಾಕಷ್ಟು ಹೊತ್ತು ಸಿಗುತ್ತೆ. ಮೊದಲು ಶಿರಾಲಿ ಬರುತ್ತೆ. ಅಲ್ಲಿಯ ಚಿತ್ರಾಪುರ ಮಠದ ನೆರಳಲ್ಲಿ ಓದಿದ ಹುಡುಗನೊಬ್ಬ ಮುಂದೆ ಅನಂತನಾಗ್ ಆದ. ಆಮೇಲೆ ಮುರ್ಡೇಶ್ವರದ ಕ್ರಾಸು, ಮಂಕಿ, ಶರಾವತಿ ಸೇತುವೆ, ಸೇತುವೆ ದಾಟಿದರೆ ಹೊನ್ನಾವರ. 1954ರ ನವೆಂಬರ್ 9ರಂದು ಅನಂತನ ತಮ್ಮ ಶಂಕರ ಹುಟ್ಟಿದ ಊರು!

ಈ ದಾರಿಯ ಹುಡುಗರು ನಮಗೆ ಬರೆಯೋ ಕಾಗದಗಳಲ್ಲಿ ಒಂದು ಸಾಲು ತಪ್ಪದೇ ಇರುತ್ತೆ. “ನಮ್ಮಂಥ ಊರಿನವರಿಗೆ ಅದೆಲ್ಲ ಎಲ್ಲಿ ಸಾಧ್ಯ ಸಾರ್?” ‘ಅದೆಲ್ಲ’ ಅಂದರೆ ಸಿನಿಮಾನೇ ಆಗಬೇಕಂತಿಲ್ಲ. ಒಬ್ಬನಿಗೆ ಸ್ವಂತ ದೋಣಿ, ಇನ್ನೊಬ್ಬಳಿಗೆ ಡಾಕ್ಟರಿಕೆ, ಮತ್ತೊಬ್ಬನಿಗೆ ದುಬೈಗೆ ಹೋಗದೇ ಊರಲ್ಲೇ ಒಂದು ಅಂಗಡಿ. ಉತ್ತರ ಬರೀಬೇಕು ಅಂತ ಕೂತಾಗೆಲ್ಲ ನನಗೆ ನೆನಪಾಗೋದು ಶಂಕರ್‌ನಾಗ್. ಆಟೋ ಹಿಂದಿನ ಚಿತ್ರದ ಶಂಕರಣ್ಣ ಅಲ್ಲ, ಕೆಲಸದ ಲೆಕ್ಕ ಇಟ್ಟು ನಡೆದ ಶಂಕರ.

ಸ್ವಲ್ಪ ಇಸವಿಗಳನ್ನ ನೋಡಿ. ಮುಂಬೈಯಲ್ಲಿ ಮರಾಠಿ ನಾಟಕ ಆಡಿಕೊಂಡಿದ್ದ ಹುಡುಗನನ್ನ ಗಿರೀಶ್ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕರೆದು ಕತ್ತಿ ಕೊಟ್ಟು ನಿಲ್ಲಿಸಿದರು. ಅದು 1978. ಮರುವರ್ಷವೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ! ಮೊದಲ ಪಿಚ್ಚರಿಗೇ ಅಂಥ ಮಾನ ಸಿಕ್ಕರೆ ಬೇರೆ ಯಾರಾದರೂ ಏನು ಮಾಡ್ತಿದ್ದರು? ಹೀರೋ ಪಾತ್ರ ಬರಲಿ ಅಂತ ಕಾಲಮೇಲೆ ಕಾಲು ಹಾಕಿ ಕೂರ್ತಿದ್ದರು. ಈತ ಅದೇ ಹೊತ್ತಿಗೆ ಚಾಪೇಕರ್ ಸೋದರರ ಕಥೆಯ ಮರಾಠಿ ಚಿತ್ರ ‘22 ಜೂನ್ 1897’ಕ್ಕೆ ಚಿತ್ರಕಥೆ ಬರೆಯೋದರಲ್ಲಿ ಕೈ ಹಾಕಿದ್ದ. 1980ರಲ್ಲಿ ‘ಮಿಂಚಿನ ಓಟ’. ನಿರ್ದೇಶನ ತನ್ನದೇ, ಅಣ್ಣತಮ್ಮಂದಿರದ್ದೇ ನಿರ್ಮಾಣ. ಜೊತೆಗೆ ಲೋಕನಾಥ್. ಮೂರು ಜನ ಕಳ್ಳರ ಕಥೆ, ಹೀರೋಯಿನ್ ಜೊತೆ ಮರ ಸುತ್ತೋ ಹಾಡಿನ ಹಂಗಿಲ್ಲ!

ನನಗೆ ಇಲ್ಲಿ ಕಾಣೋದು ಇಷ್ಟು. ನಟನಾಗಿ ಸೆಟ್ಟಿಗೆ ಹೋದವನಿಗೆ ಕ್ಯಾಮೆರಾ ಹಿಂದಿನ ಕೆಲಸ ಕಣ್ಣಿಗೆ ಬಿತ್ತು. ನಿರ್ದೇಶಕನಾದ ಮೇಲೆ ಹಾಡು, ಧ್ವನಿ ಕೆಲಸಕ್ಕೆ ಮದ್ರಾಸಿಗೆ ಓಡಬೇಕಾದ ಕಷ್ಟ ಗೊತ್ತಾಯ್ತು. ಕಷ್ಟ ಗೊತ್ತಾದ ಮೇಲೆ ಬೆಂಗಳೂರಿನಲ್ಲೇ ‘ಸಂಕೇತ್’ ರೆಕಾರ್ಡಿಂಗ್ ಸ್ಟುಡಿಯೋ ಎದ್ದಿತು. 1978ರಲ್ಲಿ ಆತನನ್ನ ನಿಲ್ಲಿಸಿ “ನಿನ್ನ ಗುರಿ ಏನಪ್ಪಾ?” ಅಂತ ಕೇಳಿದ್ದರೆ “ಸ್ಟುಡಿಯೋ” ಅಂತಿದ್ದನೇ? ನನಗಂತೂ ನಂಬಿಕೆ ಇಲ್ಲ. ಒಂದು ಮೆಟ್ಟಿಲು ಹತ್ತಿದ ಮೇಲೇ ಅಲ್ವಾ ಮುಂದಿನ ಮೆಟ್ಟಿಲು ಕಣ್ಣಿಗೆ ಬೀಳೋದು! ಅಂಗಳದಲ್ಲಿ ನಿಂತವನಿಗೆ ಅಟ್ಟ ಕಾಣೋದಿಲ್ಲ.

ಹಾಗಂತ ಸಣ್ಣ ಸಣ್ಣ ಆಸೆ ಇಟ್ಟುಕೊಂಡು ತೆಪ್ಪಗಿರಿ ಅಂತ ನಾನು ಹೇಳ್ತಾ ಇಲ್ಲ ಮಾರಾಯ್ರೆ. ಶಂಕರನ ಪ್ರತಿ ಕೆಲಸದಲ್ಲೂ ಆತನಿಗೆ ಅದುವರೆಗೆ ಬಾರದ ಒಂದು ವಿದ್ಯೆ ಇರ್ತಿತ್ತು. ‘ಮಾಲ್ಗುಡಿ ಡೇಸ್’ ತಗೊಳ್ಳಿ. ಆರ್.ಕೆ. ನಾರಾಯಣರ ಕಥೆಗಳು, ಆಗುಂಬೆಯ ಮಳೆಯೂರು, ಇಡೀ ದೇಶ ನೋಡೋ ದೂರದರ್ಶನಕ್ಕೆ ಹಿಂದಿಯಲ್ಲಿ ಧಾರಾವಾಹಿ. ಕನ್ನಡ ಪಿಚ್ಚರು ಮಾಡಿಕೊಂಡಿದ್ದವನಿಗೆ ಅದು ಹೊಸ ನೀರೇ. 1987ರಲ್ಲಿ ರಾಜ್‌ಕುಮಾರ್ ಅವರನ್ನ ಹಾಕಿಕೊಂಡು ‘ಒಂದು ಮುತ್ತಿನ ಕಥೆ’ ಮಾಡಿದಾಗ ನೀರು ಹೊಸದಷ್ಟೇ ಅಲ್ಲ, ಆಳವೂ ಆಗಿತ್ತು. ಸಮುದ್ರದೊಳಗೆ ಮುತ್ತು ಹುಡುಕೋ ಕಥೆ, ನೀರಿನಡಿ ಕ್ಯಾಮೆರಾ! ಗಲ್ಲಾಪೆಟ್ಟಿಗೆ ಮಾತ್ರ ಬಯಸಿದಷ್ಟು ತುಂಬಲಿಲ್ಲ. ಇದನ್ನ ಮುಚ್ಚಿಡಬೇಕಾಗಿಲ್ಲ. ಸೋಲೋ ಸಾಧ್ಯತೆಯೇ ಇಲ್ಲದ ಗುರಿ ಅಂದರೆ ಅದು ನಿಮಗೆ ಆಗಲೇ ಬರೋ ಕೆಲಸ, ಅಷ್ಟೇ.

ದೂರದ ಅಮೆರಿಕದಲ್ಲಿ ಎಡ್ವಿನ್ ಲಾಕ್ ಅನ್ನೋ ಮನಶ್ಶಾಸ್ತ್ರಜ್ಞರು 1968ರಲ್ಲೇ ಇದರ ಬಗ್ಗೆ ಬರೆದರು. “ಕೈಲಾದಷ್ಟು ಮಾಡು” ಅಂತ ಹೇಳಿಸಿಕೊಂಡವರಿಗಿಂತ, ಇಷ್ಟು ಅಂತ ಖಚಿತವಾಗಿ, ಸ್ವಲ್ಪ ಕಷ್ಟದ್ದೇ ಗುರಿ ಇಟ್ಟುಕೊಂಡವರು ಹೆಚ್ಚು ಕೆಲಸ ತೆಗೀತಾರಂತೆ. ಗ್ಯಾರಿ ಲೇಥಮ್ ಮತ್ತವರ ಸಂಗಡಿಗರು ಆಮೇಲೆ ಇನ್ನೊಂದು ಕಂಡುಕೊಂಡರು. ಕೆಲಸವೇ ಹೊಸದಾದಾಗ ‘ಇಷ್ಟು ಗಳಿಸ್ತೇನೆ’ ಅನ್ನೋದಕ್ಕಿಂತ ‘ಇದನ್ನ ಕಲೀತೇನೆ’ ಅನ್ನೋ ಗುರಿ ಒಳ್ಳೇದು. ಅಂದರೆ ತಮ್ಮಾ, “ದೊಡ್ಡ ಡೈರೆಕ್ಟರ್ ಆಗ್ತೇನೆ” ಅಂತ ಗೋಡೆ ಮೇಲೆ ಬರೆದರೆ ಗೋಡೆ ಹಾಳು. “ಯುಗಾದಿ ಒಳಗೆ ಒಂದು ಹತ್ತು ನಿಮಿಷದ ಕಥೆ ಬರೆದು, ನಾಲ್ಕು ಜನರ ಕೈಲಿ ಆಡಿಸಿ, ಮೊಬೈಲಿನಲ್ಲೇ ಚಿತ್ರ ತೆಗೆದು, ಜೋಡಿಸೋದು ಕಲೀತೇನೆ” ಅಂತ ಬರೀರಿ. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಅದರಲ್ಲೇ ಇದೆ. ಮುಗಿದಾಗ ನಿಮಗೆ ಏನು ಬರೋದಿಲ್ಲ ಅನ್ನೋದೂ ಗೊತ್ತಾಗುತ್ತೆ. ಮುಂದಿನ ಗುರಿ ಸಿಗೋದೇ ಅಲ್ಲಿ.

“ಅದಕ್ಕೆ ಊರು ಬಿಡಲೇಬೇಕಾ?” ಅಂತ ಕೇಳ್ತೀರಿ. ಬಿಡದವರೂ ಇದೇ ದಾರಿಯಲ್ಲಿ ಇದ್ದರು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ. ಶಾಲೆ ಎರಡನೇ ಕ್ಲಾಸಿಗೆ ಮುಗೀತು. ಆದರೆ ಅವರ ಭಸ್ಮಾಸುರ, ಕೀಚಕ ನೋಡೋಕೆ ಜನ ರಾತ್ರಿಯಿಡೀ ಚಾಪೆ ಹಾಸಿ ಕೂರ್ತಿದ್ದರು. 80 ದಾಟಿದ ಮೇಲೂ ಗೆಜ್ಜೆ ಕಟ್ಟಿದರು. 2012ರಲ್ಲಿ ಪದ್ಮಶ್ರೀ ಬಂತು. ಅದುವರೆಗೆ ಯಾವ ಯಕ್ಷಗಾನ ಕಲಾವಿದರಿಗೂ ಅದು ಬಂದಿರಲಿಲ್ಲ. ಇನ್ನೊಬ್ಬರು ಗುಣವಂತೆಯ ಕೆರೆಮನೆ ಶಂಭು ಹೆಗಡೆ. ಅಪ್ಪ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಕಣ್ಣೆದುರಿಗಿತ್ತು, ಅದರಲ್ಲೇ ಕುಣಿದುಕೊಂಡು ಇರಬಹುದಿತ್ತು. ಅವರು ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು, ವಾಪಸ್ ಊರಿಗೇ ಬಂದು ಗುಣವಂತೆಯಲ್ಲಿ ಯಕ್ಷಗಾನ ಕಲಿಸೋ ಕೇಂದ್ರ ಕಟ್ಟಿದರು. ಹೋಗಿದ್ದು ಕಲಿಯೋಕೆ, ಬಂದದ್ದು ಕಲಿಸೋಕೆ. ಊರು ಬಿಡೋದೋ ಇರೋದೋ ಅನ್ನೋದು ಅವರಿಗೆ ದೊಡ್ಡ ಪ್ರಶ್ನೆಯೇ ಆದಂತೆ ಕಾಣೋದಿಲ್ಲ. ನಮ್ಮ ಹುಡುಗರು ಅದೊಂದನ್ನೇ ಹಿಡಿದು ವರ್ಷಗಟ್ಟಲೆ ಕೂರ್ತಾರೆ!

ಇನ್ನೊಂದು ಮಾತು ಹೇಳದೇ ಇದ್ದರೆ ಮೋಸ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟ ಶಂಕರನ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿತು. ವಯಸ್ಸು 35. ಹನ್ನೆರಡು ವರ್ಷದಲ್ಲಿ 80ಕ್ಕೂ ಮೀರಿ ಚಿತ್ರ, ಅದರ ಜೊತೆ ನಾಟಕ, ಸ್ಟುಡಿಯೋ, ಧಾರಾವಾಹಿ. ಆ ವೇಗವನ್ನ ಹೊಗಳಿ ಹೊಗಳಿ ನಾವು ಸಿನಿಮಾ ಪತ್ರಿಕೆಯವರು ಎಷ್ಟೋ ಪುಟ ತುಂಬಿಸಿದ್ದೇವೆ. ನಿದ್ದೆ ಬಿಟ್ಟು ಓಡೋದೇ ದೊಡ್ಡಸ್ತಿಕೆ ಅಂತ ಹುಡುಗರು ತಿಳಿಯೋದು ನನಗೆ ಹಿಡಿಸೋದಿಲ್ಲ. ಚಿಟ್ಟಾಣಿಯವರ ಹಾಗೆ 84 ವರ್ಷ ಬದುಕಿ ಕುಣಿಯೋದೂ ಒಂದು ಗುರಿಯೇ ತಾನೆ?

ಶಂಕರನ ಪಟ್ಟಿಯಲ್ಲಿ ಉಳಿದುಹೋದದ್ದು ಬೇಕಾದಷ್ಟಿತ್ತು. ಲಂಡನ್ನಿನ ನೆಲದಡಿಯ ರೈಲು ನೋಡಿ ಬಂದು ಬೆಂಗಳೂರಿಗೂ ಅದು ಬೇಕು ಅಂತ ಕಾಗದಪತ್ರ ಸಮೇತ ಓಡಾಡಿದ್ದನ್ನ, ನಂದಿಬೆಟ್ಟಕ್ಕೆ ರೋಪ್‌ವೇ ಹಾಕಿಸ್ತೇನೆ ಅಂದದ್ದನ್ನ ಜೊತೆಗಿದ್ದವರು ಹೇಳ್ತಾ ಬಂದಿದ್ದಾರೆ. ಆಗ ಕೇಳಿದವರಿಗೆ ನಗು ಬಂದಿರಬೇಕು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಮೆಟ್ರೋ ಓಡಿತು. ಅದು ಆತನಿಂದಲೇ ಬಂತು ಅಂತ ನಾನು ಹೇಳೋದಿಲ್ಲ, ಸರ್ಕಾರದ ಕೆಲಸ ಸರ್ಕಾರದ್ದು. ಆದರೆ ನಾಟಕಕ್ಕೊಂದು ಒಳ್ಳೆ ರಂಗಮಂದಿರ ಬೇಕು ಅನ್ನೋ ಆಸೆಯನ್ನ ಅರುಂಧತಿ ನಾಗ್ ಬಿಡಲಿಲ್ಲ. ಸಹಾಯ ಬೇಡಿ, ಕಾದು, ಜೆ.ಪಿ. ನಗರದಲ್ಲಿ ಕಟ್ಟಿಸಿಯೇಬಿಟ್ಟರು. 2004ರಲ್ಲಿ ಶುರುವಾದ ರಂಗಶಂಕರ ಅದೇ. ಬೆಂಗಳೂರಿಗೆ ಹೋದಾಗ ಒಂದು ನಾಟಕ ನೋಡಿ ಬನ್ನಿ. ಆದರೆ ಹೊತ್ತಿಗೆ ಮುಂಚೆ ಹೋಗಿ. ನಾಟಕ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡೋದಿಲ್ಲ!