ಒಲವೂ ಒಪ್ಪಿಗೆಯೂ

ಕಳೆದ ಮಾಘಮಾಸದ ಒಂದು ಸಾಯಂಕಾಲ ಚನ್ನಗಿರಿಯ ನಮ್ಮ ಮನೆಯ ಜಗಲಿಗೆ ನ್ಯಾಮತಿಯಿಂದ ಹಳೆಯ ಸ್ನೇಹಿತರೊಬ್ಬರು ಬಂದರು. ಹೊನ್ನಾಳಿಯಲ್ಲಿ ನಾವು ಸಂಸ್ಕೃತವನ್ನೂ ಅವರು ಗಣಿತವನ್ನೂ ಹೇಳಿಕೊಡುತ್ತ ಹನ್ನೊಂದು ವರ್ಷ ಒಂದೇ ಶಾಲೆಯಲ್ಲಿ ಕಳೆದವರು. ಅವರು ಪ್ರಾಟೆಸ್ಟೆಂಟ್ ಕ್ರೈಸ್ತರು. ಭಾನುವಾರದ ಆರಾಧನೆಯನ್ನು ತಪ್ಪಿಸಿದವರಲ್ಲ, ನಮ್ಮ ಸಂಧ್ಯಾವಂದನೆಯನ್ನು ಹಗುರವಾಗಿ ಆಡಿದವರೂ ಅಲ್ಲ. ಅಂದು ಮುಂದಿಟ್ಟ ಕಾಫಿ ಆರಿ ತಣ್ಣಗಾಗುವವರೆಗೆ ಅವರು ತುಟಿ ಬಿಚ್ಚಲಿಲ್ಲ.

ಕಡೆಗೆ ಸಂಗತಿ ಹೊರಬಿದ್ದಿತು. ದಾವಣಗೆರೆಯಲ್ಲಿ ದಾದಿಯಾಗಿರುವ ಅವರ ಮಗಳು ತನ್ನೊಡನೆ ಕೆಲಸಮಾಡುವ ಒಬ್ಬ ತರುಣನನ್ನು ಮದುವೆಯಾಗುವೆನೆಂದು ಹೇಳಿದ್ದಳು. ಹುಡುಗನೂ ಕ್ರೈಸ್ತನೇ, ಆದರೆ ರೋಮನ್ ಕ್ಯಾಥೊಲಿಕ್ ಸಭೆಯವನು. ತಂದೆ ಬೇಡವೆಂದಿದ್ದರು. ಮಗಳು ಎದುರಾಡದೆ, ಆದರೆ ಮಾತನ್ನೂ ಹಿಂತೆಗೆದುಕೊಳ್ಳದೆ, ಸುಮ್ಮನೆ ಇದ್ದುಬಿಟ್ಟಿದ್ದಳು.

"ಮೇಷ್ಟ್ರೇ, ಅವಳು ನಿಮ್ಮ ಮಾತನ್ನು ಕೇಳುತ್ತಾಳೆ. ಈ ಪ್ರೇಮಗೀಮವೆಲ್ಲ ಸಿನಿಮಾದವರದು, ನಮ್ಮ ಧರ್ಮದ್ದಲ್ಲವೆಂದು ಒಂದು ಸಲ ಹೇಳಿಬಿಡಿ. ನಮ್ಮ ಹಳೆಯ ಪಾದ್ರಿಗಳು ಹೆಣ್ಣಿನ ಮುಖವನ್ನು ನೋಡಿ ಮದುವೆಯಾದವರೇ?" ಎಂದರು.

ನಾವು ಆ ಮತದವರಲ್ಲ. ಆದರೂ ತಿಳಿಯದುದನ್ನು ಮಗುವಿನ ಮುಂದೆ ಹೇಳುವುದು ಉಪಾಧ್ಯಾಯನಿಗೆ ತಕ್ಕುದಲ್ಲವೆಂದು ಎಂಟು ದಿನಗಳ ಅವಕಾಶವನ್ನು ಕೇಳಿಕೊಂಡು, ನಮ್ಮಲ್ಲಿದ್ದ ಪುಸ್ತಕಗಳನ್ನು ತೆಗೆದು ಕುಳಿತೆವು. ಅಲ್ಲಿ ಕಂಡುದನ್ನು ವಾಚಕರ ಮುಂದೆಯೂ ಇಡುತ್ತೇವೆ. ಹೆಣ್ಣುಮಕ್ಕಳ ತಂದೆತಾಯಿಗಳು ಯಾವ ಮತದವರಾದರೂ ಇದು ಅವರಿಗೆ ಹೊರಗಿನ ವಿಷಯವಲ್ಲ.

ಮೊದಲು ಶಬ್ದದ ವಿಚಾರ. ಗ್ರೀಕರಲ್ಲಿ ಪ್ರೇಮಕ್ಕೆ ಹಲವು ಹೆಸರುಗಳಿದ್ದುವು. ಸ್ತ್ರೀಪುರುಷರ ಅನುರಾಗಕ್ಕೆ ಅವರು ವಾಡಿಕೆಯಾಗಿ ಹೇಳುತ್ತಿದ್ದ 'ಎರೋಸ್' ಎಂಬ ಮಾತು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಒಂದು ಕಡೆಯೂ ಬರುವುದಿಲ್ಲ; ಅಲ್ಲಿ ಮೇಲೆದ್ದು ಕಾಣುವುದು 'ಅಗಾಪೆ' ಎಂಬ ಮಾತು. ಕನ್ನಡ ಬೈಬಲಿನಲ್ಲಿ ಅದಕ್ಕೆ ಕಾಮವೆಂದಾಗಲಿ ಅನುರಾಗವೆಂದಾಗಲಿ ಹೇಳದೆ, ಮಕ್ಕಳಿಗೂ ನೆರೆಯವರಿಗೂ ಸಲ್ಲುವ 'ಪ್ರೀತಿ' ಎಂಬ ಮನೆಯ ಮಾತನ್ನೇ ಇಟ್ಟಿದ್ದಾರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪೌಲನು ಇದರ ಲಕ್ಷಣವನ್ನು ಹೇಳುವಾಗ ಕಣ್ಣಿನ ಕಾಂತಿಯನ್ನಾಗಲಿ ಎದೆಯ ತಳಮಳವನ್ನಾಗಲಿ ಎಣಿಸುವುದಿಲ್ಲ. ಸೈರಣೆ, ದಯೆ, ಸ್ವಪ್ರಯೋಜನದ ಮರೆವು, ಇವನ್ನು ಎಣಿಸುತ್ತಾನೆ. ಇಷ್ಟನ್ನು ಓದಿದಾಗ ನಮ್ಮ ಸ್ನೇಹಿತರ ಮಾತೇ ಗೆದ್ದಿತೆಂದು ತೋರಿತು.

ಆದರೆ ಅದೇ ಶ್ರುತಿಯೊಳಗೆ 'ಪರಮಗೀತ'ವೆಂಬ ಗ್ರಂಥವೂ ಇದೆ. ಅದು ಮೊದಲಿನಿಂದ ಕಡೆಯವರೆಗೆ ಒಬ್ಬ ತರುಣಿ ಮತ್ತು ಒಬ್ಬ ತರುಣನ ಅನುರಾಗದ ಹಾಡು. ಮುಂದಿನ ವ್ಯಾಖ್ಯಾನಕಾರರು ಅದನ್ನು ದೇವರಿಗೂ ಭಕ್ತಸಭೆಗೂ ಇರುವ ಪ್ರೇಮದ ರೂಪಕವೆಂದು ವಿವರಿಸಿದರು. ನಮ್ಮಲ್ಲಿ ಶರಣರು ಶರಣಸತಿ ಲಿಂಗಪತಿ ಎಂಬ ಭಾವವನ್ನು ಹಿಡಿದಂತೆ. ಲೌಕಿಕವಾದ ಒಲವು ಹೇಯವೇ ಆಗಿದ್ದರೆ ಅದು ದೇವರ ಪ್ರೇಮಕ್ಕೆ ಹೋಲಿಕೆಯಾಗುತ್ತಿತ್ತೇ? ಆದಕಾರಣ ಒಲವು ಆ ಧರ್ಮದ್ದಲ್ಲವೆಂದು ಹೇಳುವುದು ನಮ್ಮಿಂದಾಗದು. ಒಲವೊಂದೇ ಸಾಲದೆಂದು ಆ ಧರ್ಮವು ಹೇಳುತ್ತದೆಂಬುದು ಮಾತ್ರ ದಿಟ.

ಇನ್ನು ಪಾದ್ರಿಗಳ ಮದುವೆ. ಇದರಲ್ಲಿ ಸ್ನೇಹಿತರು ಹೇಳಿದುದು ಬಹುಮಟ್ಟಿಗೆ ನಿಜ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತಮ್ಮ ಸಮಿತಿಯ ಅನುಮತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಅನುಮತಿ ದೊರೆತ ಮೇಲೆ ಎಷ್ಟೋ ಸಲ ಆ ಸಮಿತಿಯೇ ಕನ್ಯೆಯನ್ನು ಹುಡುಕಿ ಕಳುಹಿಸುತ್ತಿದ್ದಿತು. ತಾನು ಕಂಡರಿಯದ ವರನಿಗಾಗಿ, ತಾನು ಕಂಡರಿಯದ ದೇಶಕ್ಕೆ, 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವುದಕ್ಕೂ ಮುಂಚಿನ ಆ ದೀರ್ಘವಾದ ದಾರಿಯಲ್ಲಿ ಹೊರಟುಬಂದ ಹೆಣ್ಣುಮಕ್ಕಳ ಎದೆಗಾರಿಕೆಯನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ.

ಅಂಥ ಸಂಸಾರಗಳಲ್ಲಿ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗನು, ತನ್ನ ಆಪ್ತಮಿತ್ರನಾದ ವೈಗ್ಲೆಯು ತೀರಿಕೊಂಡ ಮೇಲೆ ಅವನ ವಿಧವೆಯ ಕೈಹಿಡಿದು ಆ ಮಕ್ಕಳಿಗೂ ತಂದೆಯಾದನು. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲನು 1860ರಲ್ಲಿ ಮದುವೆಯಾಗಿ, ನಾಲ್ಕು ವರ್ಷ ಕಳೆಯುವುದರೊಳಗೆ ಹೆಂಡತಿಯನ್ನು ಕಳೆದುಕೊಂಡು, 1867ರಲ್ಲಿ ಅವಳ ತಂಗಿಯನ್ನು ವರಿಸಿದನು. ಇವರಲ್ಲಿ ಯಾರ ಬಾಳೂ ಪ್ರೇಮಕಥೆಯಂತೆ ತೊಡಗಲಿಲ್ಲ. ಆದರೆ ಕೊಟ್ಟ ಮಾತನ್ನು ನಡೆಸುವುದರಲ್ಲಿ ಪ್ರೀತಿಯು ಬೆಳೆಯಬಲ್ಲುದೆಂದು ನಂಬಿದ ಜನ ಅವರು.

ಆದರೂ ಇದರಲ್ಲಿ ನಮ್ಮ ಸ್ನೇಹಿತರು ಗಮನಿಸದ ಒಂದು ಅಂಶವುಂಟು. ಆ ಹೆಣ್ಣುಮಕ್ಕಳನ್ನು ಕೇಳಲಾಗುತ್ತಿದ್ದಿತು. ಬೇಡವೆನ್ನುವ ಅಧಿಕಾರ ಅವರಿಗಿದ್ದಿತು. ಮುಖವನ್ನು ನೋಡದಿದ್ದರೂ, ಹೂಂ ಎಂದವಳು ಅವಳೇ.

ಕೇಳದಿದ್ದುದೂ ಉಂಟು. ಮಲಯಾಳ ಭಾಷೆಗೆ ನಿಘಂಟು ಬರೆದ ಗುಂಡರ್ಟನ ಮಗಳು ಮರೀ 1857ರಲ್ಲಿ, ಹದಿನೈದರ ಪ್ರಾಯದಲ್ಲಿ, ಯುರೋಪಿನಿಂದ ಹಿಂದಿರುಗುವಾಗ ಹಡಗಿನಲ್ಲಿ ಒಬ್ಬ ಆಂಗ್ಲ ತರುಣನಲ್ಲಿ ಮನಸ್ಸಿಟ್ಟಳು. ಅವನು ಹೆಣ್ಣು ಕೇಳಿದಾಗ ತಂದೆ ಒಪ್ಪಲಿಲ್ಲ. ಹದಿನೈದರ ಹುಡುಗಿಯ ತಂದೆ ಬೇಡವೆಂದುದು ತಪ್ಪೆಂದು ನಾವೂ ಹೇಳಲಾರೆವು. ಅವಳು ಆ ದುಃಖವನ್ನು ದಾಟಿ, 1865ರಲ್ಲಿ ಒಬ್ಬ ಮಿಶನರಿಯನ್ನು ಮದುವೆಯಾಗಿ, ವಿಧವೆಯಾಗಿ, 1874ರಲ್ಲಿ ಹಿಂದೆ ಮಂಗಳೂರಿನಲ್ಲಿ ಕೆಲಸಮಾಡಿದ್ದ ಯೋಹಾನ್ನೆಸ್ ಹೆಸ್ಸೆಯ ಕೈಹಿಡಿದಳು. 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹರ್ಮನ್ ಹೆಸ್ಸೆ ಅವಳ ಮಗನು. ಆದರೆ ಮುಂದೆ ಒಳ್ಳೆಯದಾಯಿತೆಂಬುದರಿಂದ ಹಿಂದಿನ ನೋವು ಇರಲೇ ಇಲ್ಲವೆಂದಾಗುವುದಿಲ್ಲ.

ಧರ್ಮಶಾಸ್ತ್ರವನ್ನು ನೋಡಿದರೆ ಈ ಕೇಳುವಿಕೆಯೇ ಕ್ರೈಸ್ತವಿವಾಹದ ತಾಯಿಬೇರು. 1563ರಲ್ಲಿ ಟ್ರೆಂಟ್ ನಗರದ ಮಹಾಸಭೆಯು, ಹಿರಿಯರ ಅನುಮತಿಯಿಲ್ಲದ ಮದುವೆಗಳನ್ನು ತಾನು ಮೆಚ್ಚುವುದಿಲ್ಲವೆಂದು ಹೇಳುತ್ತಲೇ, ಆ ಒಂದು ಕಾರಣದಿಂದ ಅವು ಅಸಿಂಧುವಾಗುವುದಿಲ್ಲವೆಂದು ತೀರ್ಮಾನಿಸಿತು. ಮದುವೆಯು ಮಾತ್ರ ಪಾದ್ರಿಯ ಮತ್ತು ಸಾಕ್ಷಿಗಳ ಎದುರಿಗೆ ನಡೆಯಬೇಕೆಂದು ಕಟ್ಟುಮಾಡಿತು. ಅದು ಕ್ಯಾಥೊಲಿಕರ ಮಾತಾಯಿತೆನ್ನೋಣ. ನಮ್ಮ ಸ್ನೇಹಿತರ ಪಂಗಡಕ್ಕೆ ಮೂಲಪುರುಷನಾದ ಲೂಥರನು 1524ರಲ್ಲೇ ಈ ವಿಷಯವಾಗಿ ಒಂದು ಪ್ರಬಂಧವನ್ನು ಬರೆದಿದ್ದಾನೆ. ಅದರ ತಲೆಬರಹದಲ್ಲೇ ಎರಡು ನಿಯಮಗಳಿವೆ: ಹಿರಿಯರು ಮಕ್ಕಳನ್ನು ಮದುವೆಗೆ ಬಲವಂತಪಡಿಸಲೂ ಬಾರದು, ಅಡ್ಡಿಮಾಡಲೂ ಬಾರದು, ಮಕ್ಕಳು ಹಿರಿಯರನ್ನು ಕೇಳದೆ ಮಾತು ಕೊಡಬಾರದು. ಒಂದು ನಿಯಮವನ್ನು ಹಿಡಿದು ಇನ್ನೊಂದನ್ನು ಬಿಡುವುದು ಆ ಗ್ರಂಥಕ್ಕೆ ಒಗ್ಗುವುದಿಲ್ಲ.

ಇಲ್ಲಿಗೆ ನಮ್ಮ ಶಾಸ್ತ್ರಾರ್ಥ ಮುಗಿಯಬಹುದಾಗಿತ್ತು. ಆದರೆ ಪುಸ್ತಕವನ್ನು ಮುಚ್ಚಿದಾಗ ನಮ್ಮದೇ ಒಂದು ಹಳೆಯ ಲೆಕ್ಕ ಕಣ್ಣಮುಂದೆ ನಿಂತಿತು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಜಗಳೂರಿನ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದೆವು. ಮಳೆ ಅಪರೂಪವಾದ ಸೀಮೆ, ಬಡತನವೇ ಹೆಚ್ಚು. ನಮ್ಮಲ್ಲಿ ಓದಿ ಮುಗಿಸಿದ್ದ ಒಬ್ಬ ಹುಡುಗಿಗೆ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬಂದಿತು. ಬರೆದವನಾರೆಂಬುದು ನಮಗೆ ಊಹೆಯಿಂದ ತಿಳಿಯಿತು. ಅವಳಿಗೆ ಆಗ ಹತ್ತೊಂಬತ್ತು ವರ್ಷ. ಕಾಗದದ ಮೇಲೆ ಅವಳ ಹೆಸರಿದ್ದಿತು. ನಾವು ಅದನ್ನು ಅವಳಿಗೆ ಕೊಡದೆ ಅವಳ ತಂದೆಯ ಕೈಗೆ ಕೊಟ್ಟೆವು. ಹದಿನೈದು ದಿನಗಳೊಳಗೆ ಅವಳ ಮದುವೆ ಬೇರೆ ಕಡೆ ನಡೆದುಹೋಯಿತು. ನಾವು ಹೋಗಿ ಅಕ್ಷತೆ ಹಾಕಿ ಊಟಮಾಡಿ ಬಂದೆವು. ದೊಡ್ಡ ಉಪಕಾರವನ್ನು ಮಾಡಿದೆವೆಂಬ ಸಮಾಧಾನವೂ ಇದ್ದಿತು.

ಬಹಳ ವರ್ಷಗಳ ಮೇಲೆ ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಅವಳೇ ನಮ್ಮನ್ನು ಗುರುತಿಸಿ ನಮಸ್ಕಾರ ಮಾಡಿದಳು. ಮಕ್ಕಳು ಜೊತೆಗಿದ್ದರು. ಗಂಡ ಒಳ್ಳೆಯವನೆಂದೂ ಹೇಳಿದಳು. ಬಸ್ಸು ಬಂದಾಗ, ಹತ್ತುವ ಮುಂಚೆ, ಮೆಲ್ಲನೆ, "ಮೇಷ್ಟ್ರೇ, ಆವತ್ತು ನೀವಾದರೂ ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು" ಎಂದಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಉತ್ತರ ಹೊಳೆಯುತ್ತಿದ್ದಿತೇನೋ.

ಎಂಟು ದಿನಗಳಾದ ಮೇಲೆ ಸ್ನೇಹಿತರ ಮಗಳು ತಾನೇ ಚನ್ನಗಿರಿಗೆ ಬಂದಳು. ನಮ್ಮ ಮನೆಯವರೂ ನಾವೂ ಅವಳನ್ನು ಕರೆದುಕೊಂಡು ಸೂಳೆಕೆರೆಯ ಏರಿಗೆ ಹೋದೆವು. ಆ ಕೆರೆಯ ಕಥೆಯನ್ನು ಈ ಸೀಮೆಯ ಜನ ಬಲ್ಲರು: ಒಬ್ಬ ರಾಜಕುವರಿಯು ರಹಸ್ಯವಾದ ಪ್ರೇಮದಲ್ಲಿ ಸಿಕ್ಕಿ, ಆಮೇಲೆ ಪ್ರಾಯಶ್ಚಿತ್ತವಾಗಿ ಆ ಕೆರೆಯನ್ನು ಕಟ್ಟಿಸಿದಳೆಂದೂ, ನೆಲವನ್ನು ಬಿಟ್ಟುಕೊಟ್ಟ ವೇಶ್ಯೆಯರ ಕೋರಿಕೆಯಂತೆ ಅದಕ್ಕೆ ಆ ಹೆಸರು ನಿಂತಿತೆಂದೂ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ನೀರು ಇಂದಿಗೂ ಹೊಲಗದ್ದೆಗಳಿಗೆ ಹರಿಯುತ್ತಿದೆ.

"ಮಗೂ, ಮಳೆ ಬಂದಷ್ಟರಿಂದ ಕೆರೆಯಾಗುವುದಿಲ್ಲ. ಏರಿ ಬೇಕು. ನಿಮ್ಮದು ಬರಿಯ ಮಳೆಯೋ, ಏರಿಯನ್ನೂ ಕಟ್ಟುವಿರೋ?" ಎಂದು ಕೇಳಿ, ಕಹಿಯಾದ ಸಂಗತಿಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆವು. ಇಂಥ ಮದುವೆಗೆ ಬಿಷಪರ ಅನುಮತಿ ಬೇಕು; 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗೆಯ ಧರ್ಮಪ್ರಾಂತಕ್ಕೆ ದಾವಣಗೆರೆಯೂ ಸೇರಿದುದು. ಮಕ್ಕಳನ್ನು ತನ್ನ ಸಭೆಯಲ್ಲಿ ಬೆಳೆಸಲು ಕೈಲಾದುದನ್ನೆಲ್ಲ ಮಾಡುವೆನೆಂದು ಕ್ಯಾಥೊಲಿಕ್ ವರನು ಮಾತು ಕೊಡಬೇಕು. ಅದನ್ನು ವಧುವಿಗೂ ತಿಳಿಸಬೇಕು. ನಿಮ್ಮ ತಂದೆಯ ಸಂಕಟದ ಮೂಲ ಸಿನಿಮಾ ಅಲ್ಲ. ತಾನು ಕುಳಿತ ಬೆಂಚಿನ ಮೇಲೆ ಮೊಮ್ಮಕ್ಕಳು ಕೂರಲಾರರೆಂಬುದು.

ಅವಳು ಬಹಳ ಹೊತ್ತು ನೀರನ್ನು ನೋಡುತ್ತಿದ್ದು ಹೇಳಿದಳು: "ಇದೆಲ್ಲ ನನಗೆ ಗೊತ್ತು, ಮೇಷ್ಟ್ರೇ. ನಾವಿಬ್ಬರೂ ಎರಡು ವರ್ಷದಿಂದ ಇದನ್ನೇ ಮಾತಾಡಿದ್ದೇವೆ. ಇನ್ನೂ ಒಂದು ವರ್ಷ ಕಾಯುತ್ತೇವೆ. ಅಪ್ಪನಿಗೆ ಹೇಳದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆದರೆ ದೇವರ ಮುಂದೆ ಪಾದ್ರಿಗಳು ನನ್ನನ್ನು ಕೇಳಿದಾಗ, ಬೇರೆಯವನ ವಿಷಯದಲ್ಲಿ ನಾನು ಹೂಂ ಎಂದರೆ ಅದು ಸುಳ್ಳಾಗುತ್ತದಲ್ಲ."

ಈ ಮಾತಿನ ಮುಂದೆ ನಮ್ಮ ಪುಸ್ತಕಗಳಿಗೆ ಹೇಳುವುದೇನೂ ಉಳಿಯಲಿಲ್ಲ. ಪ್ರತಿಜ್ಞೆಯಿಂದ ಒಲವು ನಿಲ್ಲುತ್ತದೆಂದು ಆ ಧರ್ಮವು ಹೇಳುವುದು ಸತ್ಯ. ನಮ್ಮ ಸಪ್ತಪದಿಯಲ್ಲೂ ಏಳನೆಯ ಹೆಜ್ಜೆ ಸಖ್ಯಕ್ಕೆ ಸಂದುದು, ಮೋಹಕ್ಕಲ್ಲ. ಆದರೆ ಪ್ರತಿಜ್ಞೆಯು ಪ್ರತಿಜ್ಞೆಯಾಗಬೇಕಾದರೆ ಅದನ್ನು ಕೊಡುವವರದೇ ಆಗಿರಬೇಕು. ಇನ್ನೊಬ್ಬರು ಬಾಯಲ್ಲಿಟ್ಟ ಹೂಂಕಾರದಿಂದ ಸಂಸಾರ ನಡೆದರೂ ನಡೆಯಬಹುದು. ಆದರೆ ಬಸ್ಸು ಹತ್ತುವ ಮುಂಚೆ ಒಂದು ಮಾತು ಉಳಿದೇ ಇರುತ್ತದೆ.

ನಾವು ನ್ಯಾಮತಿಗೆ ಹೋಗಿ ಸ್ನೇಹಿತರಿಗೆ ಕಂಡುದನ್ನು ಕಂಡಂತೆ ತಿಳಿಸಿದೆವು. ಜಗಳೂರಿನ ಕಾಗದದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ನಮ್ಮ ಮೇಲೆ ಬೇಸರಗೊಂಡರು. ಮೂರು ತಿಂಗಳು ಸುದ್ದಿಯೇ ಇರಲಿಲ್ಲ. ಕಳೆದ ವಾರ ಒಂದು ಕಾರ್ಡು ಬಂದಿತು. ವರ್ಷ ತುಂಬುವವರೆಗೆ ಕಾಯುವುದೆಂದೂ, ಆಮೇಲೆ ಅವರ ಸಭೆಯಲ್ಲಿ ವಿವಾಹದ ಪ್ರಕಟನೆಯನ್ನು ಓದಿಸಲು ತಮ್ಮ ಅಡ್ಡಿಯಿಲ್ಲವೆಂದೂ ಬರೆದಿದ್ದರು. ತಾವು ಆ ದಿನ ದೇವಾಲಯಕ್ಕೆ ಹೋಗುವೆವೋ ಇಲ್ಲವೋ ಎಂಬುದನ್ನು ಬರೆದಿರಲಿಲ್ಲ.

ನಾವು ಉತ್ತರದಲ್ಲಿ ಅದನ್ನು ಕೇಳಿದ್ದೇವೆ.