ಕಾರಿನ ರೇಡಿಯೋಗೆ ಆಕಾಶದ ನಂಟು

ಬೆಂಗಳೂರಿನಿಂದ ಹೊರಟ ಕಾರು ತುಮಕೂರು ದಾಟಿ ಮುಂದೆ ಹೋಗುತ್ತಿದ್ದಂತೆ ಎಫ್‌ಎಂ ಹಾಡಿನ ಜೊತೆ ಕರಕರ ಸದ್ದು ಬೆರೆಯುತ್ತದೆ. ಇನ್ನಷ್ಟು ದೂರ ಹೋದರೆ ಹಾಡು ಮಾಯವಾಗಿ ಸದ್ದು ಮಾತ್ರ ಉಳಿಯುತ್ತದೆ. ಕಾರಣ ಸರಳ. ಎಫ್‌ಎಂ ತರಂಗಗಳು ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುತ್ತವೆ, ಭೂಮಿಯೋ ಗುಂಡಗಿದೆ. ಪ್ರಸಾರ ಗೋಪುರ ಎಷ್ಟೇ ಎತ್ತರವಿದ್ದರೂ ಸ್ವಲ್ಪ ದೂರದ ನಂತರ ದಿಗಂತದ ಕೆಳಗೆ ಅಡಗಿಬಿಡುತ್ತದೆ. ಕಾರಿನಲ್ಲೇ ನೂರಾರು ಮೈಲಿ ಓಡಾಡುವ ಅಮೆರಿಕದವರಿಗೆ ಇದು ದಿನನಿತ್ಯದ ತೊಂದರೆ. ಗೋಪುರವನ್ನೇ ಆಕಾಶಕ್ಕೆ ಏರಿಸಿಬಿಟ್ಟರೆ? ಉಪಗ್ರಹ ರೇಡಿಯೋದ ಮೂಲ ವಿಚಾರ ಇಷ್ಟೇ.

ಅಮೆರಿಕದ ಸಂಪರ್ಕ ಆಯೋಗ 1997ರಲ್ಲಿ ಈ ಸೇವೆಗಾಗಿ 2320ರಿಂದ 2345 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಎರಡು ಕಂಪನಿಗಳಿಗೆ ಹಂಚಿತು. ಎಕ್ಸ್‌ಎಂ ಕಂಪನಿ 'ರಾಕ್' ಮತ್ತು 'ರೋಲ್' ಎಂಬ ಎರಡು ಉಪಗ್ರಹಗಳನ್ನು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ನೆಲೆಗೊಳಿಸಿ 2001ರಲ್ಲಿ ಪ್ರಸಾರ ಆರಂಭಿಸಿತು. ಸಿರಿಯಸ್ ಕಂಪನಿ ಮೊದಲಿಗೆ ಉದ್ದನೆಯ ದೀರ್ಘವೃತ್ತದ ಕಕ್ಷೆಯಲ್ಲಿ ಮೂರು ಉಪಗ್ರಹಗಳನ್ನು ಸುತ್ತಿಸಿ 2002ರಲ್ಲಿ ಕಣಕ್ಕಿಳಿಯಿತು. 2008ರಲ್ಲಿ ಎರಡೂ ಒಂದಾದವು.

ಆದರೆ ಆಗ ರಸ್ತೆಯಲ್ಲಿದ್ದ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬಂದ ಸ್ಟೀರಿಯೋಗೆ ಎಎಂ ಮತ್ತು ಎಫ್‌ಎಂ ಬಿಟ್ಟರೆ ಬೇರೆ ಪ್ರಸಾರದ ಪರಿಚಯವಿರಲಿಲ್ಲ. ಅದಕ್ಕೆ ಉಪಗ್ರಹದ ನಂಟು ಬೆಳೆಸಲು ಮೂರು ಸಂಗತಿಗಳು ಬೇಕು: ಬೇರೆ ಆಂಟೆನಾ, ಬೇರೆ ಗ್ರಾಹಕ ಪೆಟ್ಟಿಗೆ, ಇವೆರಡನ್ನು ಹಳೆಯ ಸ್ಟೀರಿಯೋಗೆ ಸೇರಿಸುವ ದಾರಿ.

ಕಾರಿಗೆ ಮೊದಲೇ ಒಂದು ಆಂಟೆನಾ ಇದೆಯಲ್ಲ, ಅದೇ ಸಾಲದೆ? ಸಾಲದು. ಹೈಸ್ಕೂಲಿನಲ್ಲಿ ಕಲಿತ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 100 ಮೆಗಾಹರ್ಟ್ಸ್‌ನ ಎಫ್‌ಎಂ ತರಂಗದೂರ 3 ಮೀಟರ್. ಅದರ ಕಾಲು ಭಾಗ 75 ಸೆಂ.ಮೀ. ಹಳೆಯ ಕಾರುಗಳ ಕಡ್ಡಿ ಆಂಟೆನಾ ಸುಮಾರು ಇಷ್ಟೇ ಉದ್ದ ಇರುವುದು ಆಕಸ್ಮಿಕವಲ್ಲ. 2330 ಮೆಗಾಹರ್ಟ್ಸ್‌ನ ತರಂಗದೂರವಾದರೋ 13 ಸೆಂ.ಮೀ.ಗೂ ಕಡಿಮೆ, ಕಾಲು ಭಾಗ ಎಂದರೆ 3 ಸೆಂ.ಮೀ. ಚಿಲ್ಲರೆ. ಆದ್ದರಿಂದಲೇ ಉಪಗ್ರಹ ರೇಡಿಯೋದ ಆಂಟೆನಾ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು.

ಅದು ಹಿಡಿಯಬೇಕಾದ ಸಂಕೇತ ಮಾತ್ರ ಬಹಳ ಕ್ಷೀಣ. ಗೋಪುರ 40 ಕಿ.ಮೀ. ದೂರದಲ್ಲಿದೆ, ಉಪಗ್ರಹ 36,000 ಕಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ದೂರ 900 ಪಟ್ಟು ಹೆಚ್ಚು. ವಿಲೋಮ ವರ್ಗ ನಿಯಮದಂತೆ, ಎರಡೂ ಎಲ್ಲ ದಿಕ್ಕಿಗೂ ಒಂದೇ ಶಕ್ತಿಯಲ್ಲಿ ಪ್ರಸಾರ ಮಾಡಿದರೆ, ಉಪಗ್ರಹದ ಸಂಕೇತ 8 ಲಕ್ಷ 10 ಸಾವಿರ ಪಟ್ಟು ದುರ್ಬಲವಾಗಿರುತ್ತದೆ. ಉಪಗ್ರಹ ತನ್ನ ಶಕ್ತಿಯನ್ನು ಒಂದೇ ದೇಶದ ಕಡೆಗೆ ಕೇಂದ್ರೀಕರಿಸಿದರೂ ಕೆಳಗೆ ತಲಪುವುದು ಅತ್ಯಲ್ಪ. ಹಾಗಾಗಿ ಆಂಟೆನಾಗೆ ಆಕಾಶ ಚೆನ್ನಾಗಿ ಕಾಣಬೇಕು. ಉಕ್ಕಿನ ಚಾವಣಿಯ ಕೆಳಗಿಟ್ಟರೆ ಲೋಹ ತರಂಗಗಳನ್ನು ತಡೆಯುತ್ತದೆ. ಅದೇ ಚಾವಣಿಯ ಮೇಲಿಟ್ಟರೆ ಲೋಹವೇ ಅದಕ್ಕೆ ಒಳ್ಳೆಯ ಆಸರೆ. ಬುಡದಲ್ಲಿ ಅಯಸ್ಕಾಂತವಿರುವುದರಿಂದ ತೂತು ಕೊರೆಯುವ ಕೆಲಸವೂ ಇಲ್ಲ.

ಇನ್ನು ಸೇರಿಸುವ ದಾರಿ. ಕಾರಿನ ಸ್ಟೀರಿಯೋ 'ಉಪಗ್ರಹಕ್ಕೆ ಸಿದ್ಧ'ವಾಗಿದ್ದರೆ ಅದರ ಬೆನ್ನಿನಲ್ಲೊಂದು ವಿಶೇಷ ಕಿಂಡಿ ಇರುತ್ತದೆ. ಗ್ರಾಹಕ ಪೆಟ್ಟಿಗೆಯನ್ನು ಡಿಕ್ಕಿಯಲ್ಲೋ ಸೀಟಿನ ಕೆಳಗೋ ಕೂರಿಸಿ ಅಲ್ಲಿಗೆ ತಂತಿ ಎಳೆದರೆ, ಹಳೆಯ ಗುಂಡಿಗಳಿಂದಲೇ ಹೊಸ ವಾಹಿನಿಗಳನ್ನು ಬದಲಿಸಬಹುದು. ಹಾಡಿನ ಹೆಸರೂ ಪರದೆಯಲ್ಲಿ ಮೂಡುತ್ತದೆ. ಆದರೆ ಕಂಪನಿಗಳು ಒಂದಾಗುವ ಮೊದಲು ಜನರಲ್ ಮೋಟಾರ್ಸ್ ಎಕ್ಸ್‌ಎಂ ಪಕ್ಷ, ಫೋರ್ಡ್ ಸಿರಿಯಸ್ ಪಕ್ಷ. ಒಂದರ ಪೆಟ್ಟಿಗೆ ಇನ್ನೊಂದರ ಪ್ರಸಾರವನ್ನು ಹಿಡಿಯುತ್ತಿರಲಿಲ್ಲ. ಕಿಂಡಿಯೇ ಇಲ್ಲದ ಸ್ಟೀರಿಯೋಗೆ ಎಫ್‌ಎಂ ಮಾಡ್ಯುಲೇಟರ್ ಎಂಬ ಪುಟ್ಟ ಪ್ರೇಷಕ ಗತಿ. ಅದು ಹಾಡನ್ನು ಖಾಲಿ ಇರುವ ಎಫ್‌ಎಂ ಆವೃತ್ತಿಗೆ ಬದಲಿಸಿ ಕೊಡುತ್ತದೆ. ಸ್ಟೀರಿಯೋ ಅದನ್ನು ಮಾಮೂಲು ನಿಲಯವೆಂದೇ ಭಾವಿಸಿ ನುಡಿಸುತ್ತದೆ. ಧ್ವನಿ ಮಾತ್ರ ಎಫ್‌ಎಂ ಗುಣಮಟ್ಟವನ್ನು ಮೀರದು.

ತಂತಿ ಎಳೆಯುವಾಗ ಕೈಚಳಕಕ್ಕಿಂತ ಎಚ್ಚರ ಮುಖ್ಯ. ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ವಿದ್ಯುತ್ತನ್ನು ಫ್ಯೂಸ್ ಮೂಲಕವೇ, ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿಯಿಂದ ಪಡೆಯಬೇಕು. ಸದಾ ಜೀವವಿರುವ ತಂತಿಗೆ ಜೋಡಿಸಿ, ಪೆಟ್ಟಿಗೆ ಅರ್ಧ ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. 48 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕೇ ದಿನಕ್ಕೆ ಪೂರ್ತಿ ಬರಿದು! ಎಲ್ಲಕ್ಕಿಂತ ದೊಡ್ಡ ಅಪಾಯ ಬಾಗಿಲ ಪಕ್ಕದ ಕಂಬಗಳಲ್ಲಿದೆ. ಅನೇಕ ಕಾರುಗಳಲ್ಲಿ ಅಪಘಾತದ ವೇಳೆ ಉಬ್ಬಿ ತಲೆ ಕಾಯುವ ಗಾಳಿಚೀಲ ಚಾವಣಿಯ ಅಂಚಿನಲ್ಲಿ, ಈ ಕಂಬಗಳ ಹೊದಿಕೆಯೊಳಗೆ ಮಡಿಸಿಟ್ಟಿರುತ್ತದೆ. ಆಂಟೆನಾ ತಂತಿ ಅದಕ್ಕೆ ಅಡ್ಡ ಬಂದರೆ ಚೀಲ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಹಾಡಿನ ಆಸೆಗೆ ಪ್ರಾಣರಕ್ಷಣೆಗೆ ಅಡ್ಡಿ ಮಾಡಿಕೊಂಡಂತಾಗುತ್ತದೆ. ಈ ಕೆಲಸ ಬಲ್ಲವರ ಕೈಯಲ್ಲೇ ಆಗಬೇಕು ಎನ್ನುವುದು ಇದಕ್ಕಾಗಿ.

ಎಲ್ಲ ಜೋಡಿಸಿದರೂ ಹಾಡು ಕೂಡಲೇ ಬಾರದು. ಇದು ಚಂದಾ ಸೇವೆ. ಪ್ರತಿ ಗ್ರಾಹಕ ಪೆಟ್ಟಿಗೆಗೂ ಒಂದು ಗುರುತಿನ ಸಂಖ್ಯೆ ಇದೆ. ಹಣ ಕಟ್ಟಿದ ಮೇಲೆ ಕಂಪನಿ ಆ ಸಂಖ್ಯೆಗೆ ಅನುಮತಿಯ ಸಂಕೇತವನ್ನು ಉಪಗ್ರಹದಿಂದಲೇ ಕಳಿಸುತ್ತದೆ. ದೇಶವಿಡೀ ಹರಡುವ ಆ ಸಂಕೇತದಲ್ಲಿ ತನ್ನ ಸಂಖ್ಯೆಯನ್ನು ಗುರುತಿಸಿದ ಪೆಟ್ಟಿಗೆ ಮಾತ್ರ ಬಾಯಿ ಬಿಡುತ್ತದೆ. ಆಗ ಕಾರು ಗ್ಯಾರೇಜಿನಲ್ಲಿರದೆ ಬಯಲಿನಲ್ಲಿರಬೇಕು.

ಕಾರು ಸೇತುವೆಯ ಕೆಳಗೆ ನುಗ್ಗಿದಾಗಲೂ ಹಾಡು ನಿಲ್ಲದಿರುವುದಕ್ಕೆ ಒಂದು ಜಾಣ ಏರ್ಪಾಡಿದೆ. ಎರಡು ಉಪಗ್ರಹಗಳು ಒಂದೇ ಕಾರ್ಯಕ್ರಮವನ್ನು ಸುಮಾರು 4 ಸೆಕೆಂಡು ಹಿಂದುಮುಂದಾಗಿ ಕಳಿಸುತ್ತವೆ. ಗಂಟೆಗೆ 90 ಕಿ.ಮೀ. ವೇಗದ ಕಾರು 4 ಸೆಕೆಂಡಿನಲ್ಲಿ 100 ಮೀಟರ್ ಸಾಗಿ ಸೇತುವೆಯನ್ನು ದಾಟಿರುತ್ತದೆ. ತಪ್ಪಿದ ತುಣುಕನ್ನು ಇನ್ನೊಂದು ಪ್ರತಿ ತುಂಬುತ್ತದೆ. ಎತ್ತರದ ಕಟ್ಟಡಗಳ ನಗರಗಳಲ್ಲಿ ನೆಲದ ಮರುಪ್ರಸಾರ ಕೇಂದ್ರಗಳ ನೆರವೂ ಇದೆ.

ಭಾರತಕ್ಕೂ ಈ ತಂತ್ರಜ್ಞಾನ ಹೊಸದಲ್ಲ. ವರ್ಲ್ಡ್‌ಸ್ಪೇಸ್ ಕಂಪನಿ 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ಕರ್ನಾಟಕ ಸಂಗೀತದ 'ಶ್ರುತಿ', ಕನ್ನಡದ 'ಸ್ಪರ್ಶ' ವಾಹಿನಿಗಳು ಮನೆಗಳಿಗೆ ಬರುತ್ತಿದ್ದವು. ಕಿಟಕಿಯಲ್ಲೋ ತಾರಸಿಯಲ್ಲೋ ಆಂಟೆನಾ ಇಟ್ಟು ದಿನವಿಡೀ ಕಛೇರಿ ಕೇಳುತ್ತಿದ್ದ ಹಿರಿಯರು ಹಲವರಿದ್ದರು. 2008ರಲ್ಲಿ ಕಂಪನಿ ದಿವಾಳಿ ಎದ್ದಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ಚೆನ್ನಾಗಿದ್ದ ಗ್ರಾಹಕ ಪೆಟ್ಟಿಗೆಗಳು ಒಂದೇ ದಿನದಲ್ಲಿ ಮೂಕವಾದವು. ಅಜ್ಜನ ಕಾಲದ ಟ್ರಾನ್ಸಿಸ್ಟರ್ ಯಾವ ಕಂಪನಿಯದಾದರೂ ಆಕಾಶವಾಣಿಯನ್ನು ಹಿಡಿಯುತ್ತದೆ. ಬೀಗ ಹಾಕಿದ ಪ್ರಸಾರದ ಪೆಟ್ಟಿಗೆಯ ಆಯುಸ್ಸಾದರೋ ಬೀಗದ ಕೈ ಇರುವ ಕಂಪನಿಯ ಆಯುಸ್ಸಿನಷ್ಟೇ. ಮಕ್ಕಳಿಗೆ ಯಾವುದೇ ಹೊಸ ಉಪಕರಣ ಕೊಡಿಸುವ ಮುನ್ನ, ಸೇವೆ ನಿಂತರೆ ಇದರಿಂದ ಏನು ಉಪಯೋಗ ಎಂದು ತಂದೆತಾಯಂದಿರು ಕೇಳಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೆ ಎರಡು ಲೆಕ್ಕ: ಬೆಂಗಳೂರಿನ 101.3 ಮೆಗಾಹರ್ಟ್ಸ್ ಎಫ್‌ಎಂ ನಿಲಯದ ತರಂಗದೂರ ಎಷ್ಟು? ಸಂಕೇತ ಭೂಸ್ಥಿರ ಉಪಗ್ರಹಕ್ಕೆ ಏರಿ ಮತ್ತೆ ಇಳಿದು ಬರಲು ಕನಿಷ್ಠ ಎಷ್ಟು ಸಮಯ ಬೇಕು?