ಕಿವಿಗೆ ಕೂಲಿ ಬೇಡವೆ?

ಹಳೆಯ ಕಾರನ್ನು ಕೊಂಡವರ ಕಷ್ಟಗಳಲ್ಲಿ ಮಿಗಿಲಾದದ್ದು ಯಾವುದೆಂದು ಕೇಳಿದರೆ, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಸದ್ದು ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಟಯರು ಸವೆದರೆ ಕಣ್ಣಿಗೆ ಕಾಣುತ್ತದೆ. ಬ್ಯಾಟರಿ ಸೋತರೆ ಬಂಡಿ ಹೊರಡುವುದೇ ಇಲ್ಲ. ಆದರೆ ಎಂಜಿನ್ನಿನ ಒಡಲಿನಿಂದ ಏಳುವ ‘ಟಿಕ್ ಟಿಕ್’ ಶಬ್ದವು ನೂರರ ಲೆಕ್ಕದ ರೋಗವೋ ಲಕ್ಷದ ಲೆಕ್ಕದ ರೋಗವೋ ಎಂಬುದು ಕೇಳಿದ ಮಾತ್ರಕ್ಕೆ ತಿಳಿಯತಕ್ಕದ್ದಲ್ಲ. ಈ ಅಜ್ಞಾನದ ಅವಧಿಯಲ್ಲಿಯೇ ಬಡವನ ಹಣ ಕರಗುತ್ತದೆ.

ಹೋಟೆಲಿನಲ್ಲಿ ದುಡಿಯುವವರಿಗೂ ಕಚೇರಿಯ ಗುಮಾಸ್ತರಿಗೂ ವೇಗದ ಕಾರಿನ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಕಾಲ ಬದಲಾಗಿದೆ. 2004ರಲ್ಲಿ ಸ್ಕೋಡಾ ಸಂಸ್ಥೆಯು ಭಾರತದಲ್ಲಿ ಮಾರಾಟಕ್ಕಿಟ್ಟ ಆಕ್ಟೇವಿಯಾ ಆರ್.ಎಸ್. ಕಾರು ಅಂದು ಶ್ರೀಮಂತರ ಸೊತ್ತಾಗಿತ್ತು: 1781 ಸಿ.ಸಿ. ಎಂಜಿನ್ನು, ಸಿಲಿಂಡರೊಂದಕ್ಕೆ ಐದರಂತೆ 20 ವಾಲ್ವುಗಳು, ಟರ್ಬೊ, 150 ಅಶ್ವಶಕ್ತಿ. ಹೋಟೆಲಿನ ಬಾಗಿಲಲ್ಲಿ ಅದು ಬಂದು ನಿಂತಾಗ ಒಳಗಿನಿಂದ ಇಣುಕಿ ನೋಡಿದ ಹುಡುಗರು ಈಗ ಗಲ್ಲಾದ ಮೇಲೆ ಕುಳಿತಿದ್ದಾರೆ. ಕಾರು ಮೂರು ನಾಲ್ಕು ಕೈ ದಾಟಿ ಅವರ ಕೈಗೆ ಎಟುಕುವ ಬೆಲೆಗೆ ಇಳಿದಿದೆ. ಹತ್ತು ವರ್ಷದ ಉಳಿತಾಯದಲ್ಲಿ ಒಂದು ಆಸೆಯನ್ನು ಕೊಂಡುಕೊಂಡವರನ್ನು ನಾವು ಹಾಸ್ಯ ಮಾಡಲಾರೆವು.

ಎಂಜಿನ್ನಿನ ಸದ್ದಿಗೆ ಒಂದು ವ್ಯಾಕರಣವಿದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಾಗ ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ತಿರುಗುವುದು ಒಂದೇ ಸುತ್ತು. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆನ್ನಿ. ಮೇಲಿನ ಒಂದು ಟ್ಯಾಪೆಟ್ ಬಡಿದರೆ ಸೆಕೆಂಡಿಗೆ ಆರೇಳು ಪೆಟ್ಟು. ಕ್ರ್ಯಾಂಕಿನ ತುದಿಯ ಪುಲ್ಲಿ ಸಡಿಲಾಗಿ ಬಡಿದರೆ ಅದರ ಎರಡರಷ್ಟು. ಪಳಗಿದ ಕಿವಿಯು ಎಣಿಸದೆಯೇ ಈ ಭೇದವನ್ನು ಹಿಡಿಯುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ರುಬ್ಬುವ ಯಂತ್ರದ ಮುಂದೆ ನಿಂತ ನಮ್ಮ ಹೋಟೆಲಿನ ಕೆಲಸಗಾರನು ಹಿಟ್ಟನ್ನು ಮುಟ್ಟದೆ, ಕಲ್ಲಿನ ಸದ್ದಿನಿಂದಲೇ ಉದ್ದು ನುಣ್ಣಗಾಯಿತೆಂದು ಹೇಳುವುದಿಲ್ಲವೆ?

ಕಿವಿಯೊಂದೇ ಸಾಲದೆಂಬುದೂ ನಿಜ. ಬೆಳಗ್ಗೆ ಚಾಲೂ ಮಾಡಿದೊಡನೆ ಕೇಳಿಸಿ ಕೆಲವೇ ಕ್ಷಣಗಳಲ್ಲಿ ಅಡಗುವ ಟಿಕ್ ಶಬ್ದವು ರಾತ್ರಿಯಲ್ಲಿ ಎಣ್ಣೆ ಇಳಿದುಹೋದ ಹೈಡ್ರಾಲಿಕ್ ಟ್ಯಾಪೆಟ್ಟಿನದಾಗಿರಬಹುದು, ಅದಕ್ಕಾಗಿ ನಿದ್ರೆಗೆಡಬೇಕಾಗಿಲ್ಲ. ಆದರೆ ಹೊಗೆ ಹೋಗುವ ಮ್ಯಾನಿಫೋಲ್ಡಿನ ಬೋಲ್ಟು ಸಡಿಲಾಗಿ ಗಾಳಿ ಸೋರಿದರೂ ಅಂಥದೇ ಟಿಕ್ ಶಬ್ದ ಬರುತ್ತದೆ. ಎಂಜಿನ್ನು ಕಾದು ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿದೊಡನೆ ಅದೂ ಅಡಗುತ್ತದೆ. ಎರಡಕ್ಕೂ ವ್ಯತ್ಯಾಸ ತಿಳಿಯದೆ ಅನುಭವಸ್ಥರೇ ಮೋಸಹೋಗುತ್ತಾರೆ. ಎರಡು ಕ್ಯಾಮ್‌ಶಾಫ್ಟುಗಳನ್ನು ಜೋಡಿಸುವ ಸಣ್ಣ ಚೈನನ್ನು ಬಿಗಿಹಿಡಿಯುವ ಟೆನ್ಷನರಿನ ಪ್ಲಾಸ್ಟಿಕ್ ಹಲ್ಲೆ ಸವೆದರೆ ಸರಪಳಿ ಅಲ್ಲಾಡಿಸಿದಂತೆ ಗಲಗಲ ಸದ್ದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಡಬ್ಬಿಯೊಳಗೆ ಕಡಲೆ ಕುಲುಕಿದಂತಾದರೆ ಪೆಟ್ರೋಲಿನ ಮೇಲೆ, ಉರಿಯುವ ಸಮಯದ ಮೇಲೆ ಸಂಶಯಪಡಬೇಕು. ತಳದಿಂದ ಗಂಭೀರವಾಗಿ ‘ದಡ್ ದಡ್’ ಎಂದು ಎದ್ದು ಭಾರ ಬಿದ್ದಂತೆಲ್ಲ ಬಲಿಯುವುದು ಕನೆಕ್ಟಿಂಗ್ ರಾಡಿನ ಬೇರಿಂಗಿನ ಗೋಳು. ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ತಂತಿಯನ್ನು ಸರದಿಯಂತೆ ಬಿಡಿಸಿ ನೋಡಿದರೆ, ಯಾವುದನ್ನು ಬಿಡಿಸಿದಾಗ ಬಡಿತ ಮೆತ್ತಗಾಗುತ್ತದೆಯೋ ಅಲ್ಲಿಯೇ ಕಳ್ಳನಿದ್ದಾನೆ.

ಈಗ ಮುಖ್ಯ ಮಾತು. ಟ್ಯಾಪೆಟ್, ಟೆನ್ಷನರ್, ಟರ್ಬೊ, ಬೇರಿಂಗ್ ನಾಲ್ಕೂ ಬದುಕುವುದು ಒಂದೇ ಎಣ್ಣೆಯಿಂದ. ಎಣ್ಣೆಯ ಒತ್ತಡ ಕುಸಿದರೆ ಮೊದಲು ಟ್ಯಾಪೆಟ್ ಕೂಗುತ್ತದೆ, ಚೈನು ಗಲಗಲಿಸುತ್ತದೆ. ಕೂಗಿದವನೇ ರೋಗಿಯೆಂದು ಅವನನ್ನು ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಟರ್ಬೊದ ಕಾವಿನಲ್ಲಿ ಬೆಂದ ಎಣ್ಣೆಯನ್ನು ಸಕಾಲದಲ್ಲಿ ಬದಲಿಸದಿದ್ದರೆ ಅದು ಹೆಪ್ಪುಗಟ್ಟಿ ಕೆಸರಾಗುತ್ತದೆ. ಸಂಪಿನ ತಳದಲ್ಲಿ ಎಣ್ಣೆ ಹೀರುವ ಕೊಳವೆಯ ಜರಡಿ ಆ ಕೆಸರಿನಿಂದ ಮುಚ್ಚಿಕೊಳ್ಳುತ್ತದೆ. ಇದು ನಮ್ಮ ಕಲ್ಪನೆಯಲ್ಲ. ಇದೇ 1.8 ಲೀಟರಿನ ಟರ್ಬೊ ಎಂಜಿನ್ನನ್ನು ಉದ್ದಕ್ಕೆ ಕೂರಿಸಿದ್ದ ಪಾಸಾಟ್ ಕಾರುಗಳಲ್ಲಿ ಕೆಸರಿನ ದೂರು ಹೆಚ್ಚಿ, 2004ರಲ್ಲಿ ಅಮೆರಿಕದ ಫೋಕ್ಸ್‌ವ್ಯಾಗನ್ ಸಂಸ್ಥೆಯು ಈ ದೋಷದ ಮಟ್ಟಿಗೆ ಹೊಣೆಗಾರಿಕೆಯನ್ನು 8 ವರ್ಷಗಳಿಗೆ ವಿಸ್ತರಿಸಬೇಕಾಯಿತು.

ಆದ್ದರಿಂದ ಯಾವ ಸದ್ದಿಗೇ ಆಗಲಿ, ಮೊದಲ ಚಿಕಿತ್ಸೆ ಎಣ್ಣೆಯ ಒತ್ತಡವನ್ನು ಅಳೆಯುವುದು. ಒತ್ತಡದ ಸ್ವಿಚ್ಚನ್ನು ಬಿಚ್ಚಿ ಅಲ್ಲಿ ಗೇಜು ತಿರುಗಿಸಿ, ಎಂಜಿನ್ನು ಚೆನ್ನಾಗಿ ಕಾದ ಮೇಲೆ ಓದಿ, ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಅರ್ಧ ಗಂಟೆಯ ಕೆಲಸ. ಕಂಪ್ಯೂಟರ್ ಜೋಡಿಸಿದೆವು, ಅದು ಏನೂ ದೋಷವಿಲ್ಲವೆಂದಿತು ಎಂಬ ಸಮಾಧಾನ ಇಲ್ಲಿ ನಡೆಯದು. ಈ ಕಾರಿನಲ್ಲಿರುವುದು ಬರಿಯ ಸ್ವಿಚ್ಚು, ಒತ್ತಡ ಎಷ್ಟೆಂದು ಕಂಪ್ಯೂಟರಿಗೆ ಗೊತ್ತೇ ಇಲ್ಲ. ಕೆಂಪು ದೀಪ ಬೆಳಗುವುದಂತೂ ಒತ್ತಡ ಪಾತಾಳ ಮುಟ್ಟಿದ ಮೇಲೆ.

ನಮ್ಮ ಪರಿಚಯದ ಗುಮಾಸ್ತರೊಬ್ಬರ ಕಾರಿನಲ್ಲಿ ನಡೆದದ್ದು ಇದೇ. ಟಿಕ್ ಶಬ್ದವೆಂದು ಹೋದರು. ಒಂದು ಗ್ಯಾರೇಜಿನಲ್ಲಿ ಇಪ್ಪತ್ತು ಟ್ಯಾಪೆಟ್ಟುಗಳನ್ನೂ ಬದಲಿಸಿದರು. ಒಂದು ವಾರ ಮೌನ, ಮತ್ತೆ ಅದೇ ಸದ್ದು. ಇನ್ನೊಂದರಲ್ಲಿ ಟೆನ್ಷನರ್ ಹೊಸತಾಯಿತು. ನಡುವೆ ಮೂರನೆಯ ಮಿಸ್ತ್ರಿಯೊಬ್ಬನು, “ಸಾಹೇಬರೆ, ಗಾಡಿಯನ್ನು ಒಂದು ದಿನ ಬಿಡಿ, ಅಳೆದು ನೋಡಿ ಹೇಳುತ್ತೇನೆ, ನೋಡಿದ್ದಕ್ಕೆ ಸಾವಿರ ರೂಪಾಯಿ ಆಗುತ್ತದೆ” ಎಂದನಂತೆ. ಏನನ್ನೂ ಹಾಕದೆ ಬರಿದೆ ಕೇಳಿದ್ದಕ್ಕೆ ಸಾವಿರವೇ ಎಂದು ಗುಮಾಸ್ತರು ಹಿಂದಿರುಗಿದರು. ಎರಡು ತಿಂಗಳು ಹಾಗೆಯೇ ಓಡಿಸಿದ ಬಳಿಕ ಪುಣೆಯ ದಾರಿಯಲ್ಲಿ ಖಂಡಾಲದ ಘಾಟಿ ಏರುವಾಗ ತಳದ ಬಡಿತ ಆರಂಭವಾಯಿತು. ಸಂಪನ್ನು ಇಳಿಸಿದಾಗ ಜರಡಿಯ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿಹೋಗಿತ್ತು, ಬೇರಿಂಗ್ ಕಿತ್ತುಹೋಗಿ ಕ್ರ್ಯಾಂಕಿಗೆ ಗಾಯವಾಗಿತ್ತು.

ಇಲ್ಲಿ ತಪ್ಪು ಯಾರದು? ಮೊದಲಿನ ಎರಡು ಗ್ಯಾರೇಜುಗಳದ್ದೆಂದು ಸುಲಭವಾಗಿ ಹೇಳಿಬಿಡಬಹುದು. ನಮ್ಮ ಅಭಿಪ್ರಾಯದಲ್ಲಿ ಗಿರಾಕಿಗಳಾದ ನಮ್ಮೆಲ್ಲರ ರೂಢಿಯೂ ಅದಕ್ಕೆ ಹೊಣೆ. ಡಬ್ಬಿಯಲ್ಲಿ ಬಂದ ಸಾಮಾನಿಗೆ ನಾವು ಹಣ ಕೊಡುತ್ತೇವೆ, ತಲೆಯಲ್ಲಿದ್ದ ವಿದ್ಯೆಗೆ ಕೊಡುವುದಿಲ್ಲ. ಹಾಗಿರುವಾಗ ಮಿಸ್ತ್ರಿಯು ಹೊಟ್ಟೆ ಹೊರೆಯಬೇಕಾದರೆ ಏನನ್ನಾದರೂ ಬದಲಿಸಲೇಬೇಕು. ಕೇಳುವ ವಿದ್ಯೆಗೆ ಕೂಲಿಯಿಲ್ಲವೆಂದ ಮೇಲೆ ಅದನ್ನು ಹುಡುಗರು ಏಕೆ ಕಲಿಯಬೇಕು? 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲದಲ್ಲಿ ಟ್ಯಾಪೆಟ್ಟಿನ ಸಂದನ್ನು ಗೇಜಿನಿಂದ ಅಳೆದು, ಕಿವಿಗೊಟ್ಟು, ಸರಿಪಡಿಸುವುದೇ ದಿನದ ದುಡಿಮೆಯಾಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ನಿಂತ ಮುದುಕರು ಕುರ್ಲಾದಲ್ಲಿಯೂ ಮದ್ರಾಸಿನ ಪುದುಪೇಟೆಯಲ್ಲಿಯೂ ದೆಹಲಿಯ ಕಾಶ್ಮೀರಿ ಗೇಟಿನಲ್ಲಿಯೂ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಪಕ್ಕದಲ್ಲಿ ಕಲಿಯುವ ಹುಡುಗರೇ ಕಾಣುವುದಿಲ್ಲ.

ಕೇಳುವುದು ಕೀಳು ಕೆಲಸವೇನಲ್ಲ. ಆಸ್ಟ್ರಿಯದ ಗ್ರಾತ್ಸ್ ಪಟ್ಟಣದ ಹೋಟೆಲುಗಾರನೊಬ್ಬನ ಮಗನಾದ ಲಿಯೊಪೋಲ್ಡ್ ಔಎನ್‌ಬ್ರುಗರ್ ಎಂಬ ವೈದ್ಯನು, ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ರೋಗವನ್ನರಿಯುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದನು. ತಂದೆಯ ಹೋಟೆಲಿನ ಪೀಪಾಯಿಗಳನ್ನು ತಟ್ಟಿ ಮದ್ಯ ಎಷ್ಟಿದೆಯೆಂದು ತಿಳಿಯುತ್ತಿದ್ದ ರೂಢಿಯಿಂದಲೇ ಅವನಿಗೆ ಈ ಯುಕ್ತಿ ಹೊಳೆಯಿತೆಂದು ಹೇಳುತ್ತಾರೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಕಾಗದದ ಸುರುಳಿಯಿಂದ ಎದೆಬಡಿತವನ್ನು ಆಲಿಸಿದ್ದು ಸ್ಟೆತಾಸ್ಕೋಪಿಗೆ ಮೂಲವಾಯಿತು. ಇಂದು ಯಾವ ಡಾಕ್ಟರರೂ ಎದೆ ಕೇಳಿದ್ದಕ್ಕೆ ಫೀಸು ಬಿಡುವುದಿಲ್ಲ. ನಾವೂ ಚೌಕಾಸಿ ಮಾಡುವುದಿಲ್ಲ.

ಗ್ಯಾರೇಜುಗಳು ಪರೀಕ್ಷೆಯ ಫೀಸನ್ನು ಬೇರೆಯಾಗಿಯೇ ಬರೆದು ಹಾಕಲಿ. ಪ್ರತಿಯಾಗಿ ಎಣ್ಣೆಯ ಒತ್ತಡ ಎಷ್ಟಿತ್ತು, ಸದ್ದು ಎಲ್ಲಿ ಬಲವಾಗಿ ಕೇಳಿಸಿತು, ಯಾವ ಸಿಲಿಂಡರನ್ನು ನಿಲ್ಲಿಸಿದಾಗ ಏನಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಡಲಿ. ಅಂಥ ಚೀಟಿಯಿಲ್ಲದೆ ಎಂಜಿನ್ನು ಬಿಚ್ಚಲು ಯಾರೂ ಒಪ್ಪಬಾರದು. ಗಿರಾಕಿಯೂ ತನ್ನ ಪಾಲಿನ ಕೆಲಸ ಮಾಡಬೇಕು: ಸದ್ದು ತಣ್ಣಗಿದ್ದಾಗಲೋ ಕಾದಾಗಲೋ, ನಿಂತಾಗಲೋ ಏರಿನಲ್ಲೋ, ಎಣ್ಣೆ ಬದಲಿಸಿ ಎಷ್ಟು ಕಿಲೋಮೀಟರು ಆಯಿತು ಎಂದು ಬರೆದುಕೊಂಡು ಹೋದರೆ ಮಿಸ್ತ್ರಿಯ ಅರ್ಧ ದಿನ ಉಳಿಯುತ್ತದೆ. ಲೆಡ್ಜರು ಬರೆಯುವವರಿಗೆ ಇದು ಕಷ್ಟವೆ?

ಫೀಸು ತೆತ್ತೂ ರೋಗ ತಿಳಿಯದಿದ್ದರೆ ಎಂದು ಕೇಳುವವರಿದ್ದಾರೆ. ಹಾಗಾಗುವುದೂ ಉಂಟು. ಆಗಲೂ ಒತ್ತಡ ಸರಿಯಾಗಿದೆಯೆಂಬ ಅಂಕಿಯೊಂದು ಕೈಯಲ್ಲಿರುತ್ತದೆ. ಆ ಚೀಟಿಯನ್ನು ಹಿಡಿದು ಇನ್ನೊಬ್ಬ ಮಿಸ್ತ್ರಿಯ ಬಳಿಗೆ ಹೋಗಬಹುದು, ಅಲ್ಲಿಯವರೆಗೆ ಕಾರನ್ನು ಮೆಲ್ಲನೆ ಓಡಿಸಬಹುದು. ಒತ್ತಡ ಕಡಮೆಯಿದೆಯೆಂದು ಬಂದಿದ್ದರೆ ಮಾತ್ರ ಅಲ್ಲಿಯೇ ನಿಲ್ಲಿಸಿ, ಲೋಕಲ್ ಹಿಡಿದು ಮನೆಗೆ ಹೋಗುವುದು ಕ್ಷೇಮ.